ಭಂಕೂರಿನ ಕಿವಿ, ತಂಗಿಯ ಕೊರಳು

ಗೋವಾದ ಮಡಗಾಂವಕ್ಕೆ ಬಂದ ಮೊದಲ ಬೆಳಗ್ಗೆ ನಾನು ಮಂಚದ ಕೆಳಗೆ ನುಗ್ಗಿದೆ. ಹೊರಗೆ ಹಾರ್ನ್ ಕೂಗಿತ್ತು. ನಮ್ಮ ಕಡೆ ಕಲ್ಲಿನ ಖಣಿಗಳಲ್ಲಿ ಸಿಡಿಮದ್ದಿನ ಬಾರು ಹಾರಿಸುವ ಮೊದಲು ಹಾರ್ನ್ ಊದುತ್ತಾರೆ. ಕಿವಿಗೆ ಬಿದ್ದ ಕೂಡಲೇ ತಲೆ ಮುಚ್ಚಿಕೊಂಡು ಮರೆಗೆ ಕೂಡಬೇಕು. ನನಗೆ ಅದು ಮೈಯಲ್ಲೇ ಕುಳಿತಿದೆ. "ಸುಜಾತಾ, ಗ್ವಾಡಿ ಮರಿಗಿ ಕುಂದ್ರು!" ಎಂದು ಮಂಚದ ಕೆಳಗಿನಿಂದಲೇ ಕೂಗಿದೆ. ತಂಗಿ ಅಡುಗೆಮನೆಯಿಂದ ಓಡಿ ಬಂದು, ಬಗ್ಗಿ ನೋಡಿ, ನೆಲಕ್ಕೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹೊರಗ ಬಾ ಅಣ್ಣಾ. ಅವ ಬ್ರೆಡ್ ಮಾರವ ಇದ್ದಾನ."

ಇಲ್ಲಿ ಪೊದೇರ್ ಎಂದರೆ ಭಟ್ಟಿಯ ಬ್ರೆಡ್ ಮಾರುವವನು. ಸೈಕಲ್ಲಿಗೆ ರಬ್ಬರಿನ ಹಾರ್ನ್ ಕಟ್ಟಿಕೊಂಡು ಬೆಳಕು ಹರಿಯುವ ಹೊತ್ತಿಗೆ ಓಣಿ ಓಣಿ ತಿರುಗುತ್ತಾನೆ. ಅವನ ಬುಟ್ಟಿಯ ಪೊಯ್ ಎಂಬ ಬ್ರೆಡ್ಡು ಒಳಗೆ ಟೊಳ್ಳು, ಮೇಲೆ ಹೊಟ್ಟು. ಜನ ಅದನ್ನು ಬಿಸಿಬಿಸಿ ತಿಂದು ಸಂತೋಷಪಡುತ್ತಾರೆ. ನನಗೆ ಮೊದಲ ತಿಂಗಳು ಗಾಳಿ ತಿಂದಂತಾಗುತ್ತಿತ್ತು. ಜೋಳದ ರೊಟ್ಟಿ ತಿಂದ ಹೊಟ್ಟೆ ಭಾರವನ್ನು ಕೇಳುತ್ತದೆ.

ನಾನು ಭೀಮಶಾ, ಶಹಾಬಾದ್ ಹತ್ತಿರದ ಭಂಕೂರಿನವನು. ಐದನೇ ಇಯತ್ತೆಯವರೆಗೆ ಓದಿ ಖಣಿಗೆ ಸೇರಿದವನು. ಹೆಂಡತಿ ತೀರಿಕೊಂಡ ಮೇಲೆ, ಆರು ವರ್ಷದ ಹಿಂದೆ, ತಂಗಿ ಗೋವಾಕ್ಕೆ ಕರೆಸಿಕೊಂಡಳು. ಬರೆದು ರೂಢಿಯಿಲ್ಲ. ಆದರೂ ನಮ್ಮ ಕಡೆಯವರು ನನ್ನನ್ನು ಕಂಡಾಗಲೆಲ್ಲ ಸುಜಾತಾ ಹಾಡು ಯಾಕೆ ಬಿಟ್ಟಳು ಎಂದು ಕೇಳುತ್ತಾರೆ. ಬಾಯಿಂದ ಹೇಳಲು ಆಗಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಇಲ್ಲಿಯ ಮನೆಗಳ ಮುಂದೆ ಬಾಲ್ಕಾಂವ್ ಎಂಬ ಕಟ್ಟೆ ಇರುತ್ತದೆ. ಎರಡೂ ಬದಿ ಸಿಮೆಂಟಿನ ಆಸನ, ಮೇಲೆ ಹಂಚು. ನಮ್ಮೂರ ಕಟ್ಟೆಯ ಮೇಲೆ ಹಾದಿಹೋಕರೂ ಕೂಡಬಹುದು. ಇಲ್ಲಿ ಕರೆಯದೆ ಯಾರೂ ಮೆಟ್ಟಿಲು ಹತ್ತುವುದಿಲ್ಲ. ಮನೆಯ ಒಡತಿ ಫಿಲೋಮೆನಾ ಬಾಯಿ ಸಂಜೆ ಅಲ್ಲೇ ಕುಳಿತು ನನಗೆ ಕೊಂಕಣಿ ಕಲಿಸಿದಳು. "ಕಿತೇಂ" ಎಂದರೆ ಏನು, "ಬರೆಂ" ಎಂದರೆ ಒಳ್ಳೆಯದು. "ಘಾಂಟಿ" ಎಂದರೆ ಏನೆಂದು ಆಕೆ ಹೇಳಿಕೊಡಲಿಲ್ಲ; ಅದನ್ನು ಪೇಟೆಯಲ್ಲೇ ಕಲಿತೆ. ಘಟ್ಟದ ಮೇಲಿನಿಂದ ಕೂಲಿಗೆ ಬಂದ ನಮ್ಮಂಥವರನ್ನು ಹಾಗೆ ಕರೆಯುತ್ತಾರೆ, ಹೆಸರು ಕೇಳುವ ಮೊದಲೇ.

ಅದೇ ಪೇಟೆಯಲ್ಲಿ ಒಂದು ದಿನ ಗೋಣಿಚೀಲ ಹಾಸಿ ಕುಳಿತ ಹೆಂಗಸಿನ ಮುಂದೆ ಜೋಳದ ಹಿಟ್ಟು ಕಂಡೆ. ಚಿಟಿಕೆ ತೆಗೆದು ನಾಲಿಗೆಗೆ ಇಟ್ಟುಕೊಂಡೆ.

"ಅಣ್ಣಾರ, ತಿಂದ್ರ ತೊಗೊಬೇಕ್ರಿ," ಅಂದಳು.

"ಯಾ ಊರವ್ವ ನಿಂದು?"

"ಚಿಂಚೋಳಿ. ನಿಮ್ದು?"

"ಭಂಕೂರ."

"ಅಯ್ಯ, ಕಲ್ಲಿನ ಊರವ್ರು! ಹಲ್ಲು ಗಟ್ಟಿ ಇರ್ತಾವ. ಹೋದ ವಾರದ ಹಿಟ್ಟು ಕೊಟ್ರೂ ನಡೀತದ ಬಿಡ್ರಿ."

ಅವತ್ತು ರೊಟ್ಟಿ ಬಡಿದು ಸುಜಾತಾಳ ಮುಂದೆ ಇಟ್ಟೆ. ಆಕೆ ಒಂದರ ಮೇಲೊಂದು ಮೂರು ತಿಂದಳು. ನಾಲ್ಕನೆಯದನ್ನು ಮುರಿಯುತ್ತ ಅವ್ವನ ಬೀಸುವ ಪದ ಗುನುಗಿದಳು.

ಸುಜಾತಾ ಎಲ್ಲಿಂದ ಎಲ್ಲಿಗೆ ಬಂದಳು ಎಂಬುದನ್ನು ಇಲ್ಲಿ ಹೇಳಲೇಬೇಕು. ನಮ್ಮಪ್ಪ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ. ಅವ್ವ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಆಗ್ನೆಸ್ ಟೀಚರ್ ಎಂಬವರ ಮನೆಗೆಲಸಕ್ಕೆ ಹೋಗುತ್ತಿದ್ದಳು. ಟೀಚರ್ ಹತ್ತಿರ ಹಳೆಯ ಪಿಯಾನೋ ಇತ್ತು, ಜಾಝ್ ಎಂಬ ಸಂಗೀತದ ರೆಕಾರ್ಡುಗಳಿದ್ದವು. ಸುಜಾತಾಳಿಗೆ ಆಗ ಎಂಟು ವರ್ಷ. ಅವ್ವ ಪಾತ್ರೆ ತಿಕ್ಕುವ ಹೊತ್ತಿನಲ್ಲಿ ಆಕೆ ಪಿಯಾನೋದ ಕೆಳಗೆ ಹೋಗಿ ಕೂಡುತ್ತಿದ್ದಳು. ಅಲ್ಲಿ ಕುಳಿತರೆ ಹಾಡು ಕಿವಿಗಲ್ಲ, ಹೊಟ್ಟೆಗೆ ಕೇಳಿಸುತ್ತದಂತೆ. ಊರ ಬುದ್ಧವಿಹಾರದಲ್ಲಿ ವಂದನೆ ಹೇಳುವಾಗಲೂ ಆಕೆಯ ದನಿ ಉಳಿದವರಿಗಿಂತ ಒಂದು ಹೆಜ್ಜೆ ತಡವಾಗಿ ಬಂದು ಸೇರುತ್ತಿತ್ತು. ಹಿರಿಯರು ಗದರುತ್ತಿದ್ದರು. ಟೀಚರ್ ಮಾತ್ರ, "ಅದನ್ನ ತಿದ್ದಬ್ಯಾಡ್ರಿ, ಅದೇ ಆಕಿ ಆಸ್ತಿ," ಎಂದು ಅವ್ವನಿಗೆ ಹೇಳಿದ್ದರು.

ಹರೆಯಕ್ಕೆ ಬಂದಾಗ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಮದುವೆಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಹಾಡಿದಳು. ಅವಳ ಜೊತೆಗೆ ನಾನು ಹೋಗುತ್ತಿದ್ದೆ. ಚಿತ್ತಾಪುರದ ಒಂದು ಮದುವೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಹಾಡನ್ನು ಎಳೆದು, ಮುರಿದು, ಎಲ್ಲಿಗೋ ಒಯ್ದು ಮತ್ತೆ ತಂದು ಬಿಟ್ಟಳು. ಮದುಮಗನ ಸೋದರಮಾವ ಎದ್ದು ನಿಂತು, "ಏ ತಂಗಿ, ಹಾಡು ಇದ್ದಂಗ ಹಾಡು! ಹುಡುಗಿ ಕಡಿಯವರು ಊಟ ಬಿಟ್ಟು ನೋಡ್ಲಿಕತ್ತಾರ," ಎಂದು ಕೂಗಿದ.

ಹಾದಿಯಲ್ಲಿ ನಾನು ಕೇಳಿದೆ, "ಯಾಕ ಹಂಗ ಹಾಡ್ತಿ?"

"ನಮ್ಮ ಹೊಲದ ಹಾದಿ ನಿನಗ ಗೊತ್ತದಿಲ್ಲೋ? ಒಂದಿನ ಹಾದಿ ಬಿಟ್ಟು ಬದುವಿನ ಮ್ಯಾಲ ನಡೀತಿ, ಹಳ್ಳ ದಾಟ್ತಿ, ಯಾರದೋ ತೊಗರಿಯಾಗ ಹಾಯ್ತಿ. ಆದ್ರ ಮುಟ್ಟೋದು ನಮ್ಮ ಹೊಲಕ್ಕ. ಜಾಝ್ ಅಂದ್ರ ಅಷ್ಟೇ."

"ತೊಗರಿ ಹೊಲದವ ಬೈಯಲ್ಲೇನು?"

"ಈಗ ಬೈದನಲ್ಲ!"

ಗೋವಾದ ಪರಿಚಯದವರಿಗೆ ಟೀಚರ್ ಬರೆದುಕೊಟ್ಟ ಒಂದು ಚೀಟಿ ಹಿಡಿದು ಇಪ್ಪತ್ತರ ವಯಸ್ಸಿನಲ್ಲಿ ಆಕೆ ಗೋವಾಕ್ಕೆ ಹೋದಳು. ಹೋಟೆಲುಗಳಲ್ಲಿ ಊಟ ಮಾಡುವವರ ಚಮಚದ ಸದ್ದಿನ ನಡುವೆ ವರ್ಷಗಟ್ಟಲೆ ಹಾಡಿದಳು. ಆಮೇಲೆ ಒಂದು ಸಂಜೆ ಅವ್ವನ ಬೀಸುವ ಪದವನ್ನು ದೊಡ್ಡ ತಂತಿವಾದ್ಯದ ಜೊತೆ ಕನ್ನಡದಲ್ಲೇ ಹಾಡಿದಾಗ ಚಮಚಗಳು ನಿಂತವಂತೆ. ಅಲ್ಲಿಂದ ಆಕೆಗೆ ಹೆಸರು ಬಂತು. ಪುಣೆ, ಕೊಚ್ಚಿಯವರೆಗೆ ಕರೆಸಿಕೊಂಡರು. ನಾನು ಬಂದಾಗ ಆಕೆ ಆ ಎತ್ತರದಲ್ಲಿದ್ದಳು.

ನನ್ನ ಕೆಲಸ ಸ್ಪೀಕರ್ ಹೊರುವುದು, ಮೈಕ್ ನಿಲ್ಲಿಸುವುದು, ನೀರು ಕಾಯಿಸಿ ಕೊಡುವುದು. ಭಂಕೂರಿನಲ್ಲಿ ನಾನು ಕಲ್ಲು ಬಡಿಯುವ ಭೀಮ್ಯಾ. ಇಲ್ಲಿ ಕಾರ್ಯಕ್ರಮಕ್ಕೆ ಹೋದರೆ "ಸುಜಿಚೊ ಭಾವ್", ಸುಜಿಯ ಅಣ್ಣ, ಎಂದು ಕುರ್ಚಿ ಹಾಕಿ ಕೊಡುತ್ತಿದ್ದರು. ಘಾಂಟಿ ಅನ್ನುತ್ತಿದ್ದವರೇ ಕೈ ಕುಲುಕುತ್ತಿದ್ದರು. ಅದು ನನಗೆ ಭಾಳ ರುಚಿಸಿತು.

ನಮ್ಮ ಕಲ್ಲಿನ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ನಿಲ್ಲಿಸಿ ಸಣ್ಣ ಸುತ್ತಿಗೆಯಿಂದ ಬಡಿದರೆ ಗಟ್ಟಿ ಕಲ್ಲು ಠಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ, ಕಣ್ಣಿಗೆ ಕಾಣದ ಕೂದಲೆಳೆಯಷ್ಟಿದ್ದರೂ, ದನಿ ಕೊನೆಯಲ್ಲಿ ಬದ್ ಎಂದು ಕುಳಿತುಬಿಡುತ್ತದೆ. ಹಾಗೆ ಕಲ್ಲು ಕೇಳುವುದು ನನ್ನ ಕಸುಬು. ಅದಕ್ಕೊಂದು ರಿವಾಜು ಇದೆ. ಕಲ್ಲು ಕಡಿದವನು ಎದುರಿಗೆ ನಿಂತಿರುವಾಗ ಬಿರುಕನ್ನು ಬಾಯಿಬಿಟ್ಟು ಹೇಳಬಾರದು. ದಿನವಿಡೀ ಬಗ್ಗಿ ಕಡಿದವನಿಗೆ ನಾಲ್ಕು ಜನರ ಮುಂದೆ ಅವಮಾನವಾಗಬಾರದೆಂದು. ಕಲ್ಲಿನ ಹಿಂಬದಿಗೆ ಇದ್ದಿಲಿನಿಂದ ಗೀರು ಎಳೆದು ಸುಮ್ಮನೆ ಮುಂದೆ ಹೋಗಬೇಕು. ಹೊರುವವರು ಗೀರು ನೋಡಿ ಬೇರೆ ಇಡುತ್ತಾರೆ.

ಮೂರು ವರ್ಷದ ಹಿಂದೆ, ಚವತ್ ಹಬ್ಬಕ್ಕೆ ಇನ್ನೂ ಕೆಲವು ದಿನಗಳಿದ್ದವು. ಚವತ್ ಎಂದರೆ ಇಲ್ಲಿಯ ಗಣಪತಿ ಹಬ್ಬ. ಬೆಳಗಿನ ಅಭ್ಯಾಸದಲ್ಲಿ ಸುಜಾತಾ ಮೇಲಿನ ಸ್ವರಕ್ಕೆ ಹೋಗಿ ಇಳಿಯುತ್ತಿದ್ದಳು. ಇಳಿಯುವಾಗ ಬದ್ ಎಂದಿತು. ನನ್ನ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. ಮರುದಿನ ಮತ್ತೆ ಕಿವಿಗೊಟ್ಟೆ. ಅದೇ ಜಾಗ, ಅದೇ ಸದ್ದು. ವಾದ್ಯದವರು ಅದನ್ನು ಕೇಳಲಿಲ್ಲ, ಅಥವಾ ಕೇಳಿ ಮೆಚ್ಚಿದರು. ಜಾಝ್‌ನಲ್ಲಿ ದನಿ ಸ್ವಲ್ಪ ಒಡೆದಿದ್ದರೆ ಚೆಂದ ಎನ್ನುತ್ತಾರೆ. ಒಡೆದ ಚೆಂದ ಬೇರೆ, ಬಿರುಕು ಬೇರೆ. ಆ ಊರಿನಲ್ಲಿ ಅದು ನನಗೊಬ್ಬನಿಗೇ ಗೊತ್ತಿತ್ತು.

ನಾನು ಹೇಳಲಿಲ್ಲ. ಇದ್ದಿಲ ಗೀರನ್ನಾದರೂ ಎಲ್ಲಿ ಎಳೆಯಲಿ?

ಹಬ್ಬ ಮುಗಿಯಿತು, ದೀಪಾವಳಿ ಮುಗಿಯಿತು. ನಾತಾಲ್, ಅಂದರೆ ಕ್ರಿಸ್‌ಮಸ್, ಇನ್ನೊಂದು ವಾರವಿರುವಾಗ ಒಂದು ಸಂಜೆ ತುಂಬಿದ ಮೈದಾನದಲ್ಲಿ ಆಕೆ ಅವ್ವನ ಪದ ಎತ್ತಿಕೊಂಡಳು. ಎರಡನೇ ಸಾಲಿಗೆ ದನಿ ನಿಂತುಹೋಯಿತು. ಬಾಯಿ ತೆರೆದೇ ಇತ್ತು, ಗಾಳಿ ಮಾತ್ರ ಬಂತು. ಜನ ಅದನ್ನೂ ಹಾಡಿನ ಭಾಗವೆಂದು ತಿಳಿದು ಚಪ್ಪಾಳೆ ಹೊಡೆದರು.

ಕೊರಳಿನಲ್ಲಿ ಗಂಟಾಗಿತ್ತು. ಅದರ ಪಕ್ಕದಲ್ಲಿ ರಕ್ತನಾಳ ಒಡೆದು ರಕ್ತ ಕಟ್ಟಿತ್ತು. ಡಾಕ್ಟರು, "ಶುರುವಿನಲ್ಲೇ ಬಂದಿದ್ದರೆ ಕೊರಳಿಗೆ ವಿಶ್ರಾಂತಿ ಕೊಟ್ಟು ಗುಣ ಮಾಡಬಹುದಿತ್ತೇನೋ," ಎಂದರು. ಸುಜಾತಾ ನನ್ನ ಕಡೆ ತಿರುಗಿ, "ಶುರು ಯಾವಾಗ ಆತೋ ಏನೋ, ನನಗ ಗೊತ್ತೇ ಆಗಲಿಲ್ಲ ಅಣ್ಣಾ," ಎಂದಳು. ನಾನು ಆಕೆಯ ಚೀಲದ ಜಿಪ್ಪು ಹಾಕುವುದರಲ್ಲಿ ತೊಡಗಿದೆ.

ಆಪರೇಷನ್ ಆಯಿತು. ಮಾತು ಬಂತು, ಕೆಳಗಿನ ಸ್ವರ ಬಂತು. ಮೇಲಿನದು ಬರಲಿಲ್ಲ. ಆಮೇಲೆ ಆಕೆ ಪೂರ್ತಿಯಾಗಿ ಕಲಿಸುವುದಕ್ಕೆ ಇಳಿದಳು. ಶಹಾಬಾದಿನಿಂದ ಬೀಸುಕಲ್ಲು ತರಿಸಿ, ಕಲಿಯಲು ಬಂದವರ ಕೈಗೆ ಗೂಟ ಕೊಟ್ಟು, ಬೀಸುತ್ತ ಹಾಡಿಸುತ್ತಿದ್ದಳು. ತೋಳು ತಿರುಗಿದಂತೆ ಉಸಿರು ತಾನಾಗಿ ಹೊಟ್ಟೆಗೆ ಇಳಿಯುತ್ತದೆಂದು. ಇಲ್ಲಿಯ ಮಕ್ಕಳು ಮೊದಲು ನಗುತ್ತಿದ್ದರು, ಆಮೇಲೆ ಪಾಳಿಗಾಗಿ ಜಗಳಾಡುತ್ತಿದ್ದರು. ಹೆಸರು ಹಬ್ಬಿ ಮುಂಬೈಯಿಂದಲೂ ಕಲಿಯಲು ಬಂದರು. ಆದರೆ ಪಾಠ ಮುಗಿದು ಮನೆ ಖಾಲಿಯಾದ ಮೇಲೆ ಆಕೆ ಬಾಲ್ಕಾಂವ್‌ನಲ್ಲಿ ಕುಳಿತು ತುಟಿ ಮಾತ್ರ ಆಡಿಸುತ್ತ ಮೇಲಿನ ಸ್ವರಕ್ಕೆ ಹೋಗುತ್ತಿದ್ದಳು. ಯಾವ ಸಾಲು ಎಂಬುದು ಒಳಗಿನಿಂದ ತುಟಿ ನೋಡಿಯೇ ನನಗೆ ತಿಳಿಯುತ್ತಿತ್ತು.

ಕಳೆದ ವರ್ಷ ರೀಮಾ ಎಂಬ ಹುಡುಗಿ ಬಂದಳು. ಹತ್ತೊಂಬತ್ತರ ವಯಸ್ಸು. ದೊಡ್ಡ ಸಂಗೀತ ಶಾಲೆಯ ಪರೀಕ್ಷೆಗೆ ಎರಡು ವಾರವಿತ್ತು. ಆಕೆಯ ತಾಯಿಯೂ ಕುಳಿತಿದ್ದಳು. ಸುಜಾತಾ ಪಾಠಕ್ಕೆಂದು ಕೊಂಡಿದ್ದ ಪಿಯಾನೋ ಜೋರಾಗಿ ನುಡಿಸುತ್ತ, "ಭಾರೀ, ಭಾರೀ," ಎನ್ನುತ್ತಿದ್ದಳು. ಹುಡುಗಿ ಮೇಲಿನಿಂದ ಇಳಿದಳು. ಬದ್.

ಮೂಲೆಯಲ್ಲಿ ಕುಳಿತಿದ್ದ ನಾನು ಎದ್ದು ನಿಂತೆ. ಬಾಯಿಬಿಟ್ಟರೆ ಸುಜಾತಾಳಿಗೆ ಎಲ್ಲವೂ ತಿಳಿಯುತ್ತದೆ. ಬಿಡದಿದ್ದರೆ ಈ ಹುಡುಗಿ ಎರಡು ವಾರ ಹೀಗೇ ಹಾಡುತ್ತಾಳೆ. ಆಕೆ ಇನ್ನೊಮ್ಮೆ ಮೇಲೆ ಹೋಗಲು ಉಸಿರು ಎಳೆದಳು.

"ಬಂದ್ ಮಾಡ್ರಿ," ಎಂದೆ. ಎಲ್ಲರೂ ತಿರುಗಿದರು. "ಈಕಿ ಕೊರಳಾಗ ಬಿರುಕದ. ಹತ್ತುವಾಗ ಅಲ್ಲ, ಇಳಿಯುವಾಗ. ಇವತ್ತೇ ಡಾಕ್ಟರಿಗಿ ತೋರಸ್ರಿ."

ಹುಡುಗಿ ಅತ್ತಳು. ತಾಯಿ, "ಇವನಿಗೇನು ಗೊತ್ತು, ಸ್ಪೀಕರ್ ಹೊರುವವನಿಗೆ?" ಎಂದು ಕೊಂಕಣಿಯಲ್ಲಿ ಬೈದಳು. ಸುಜಾತಾ ಅವರಿಬ್ಬರನ್ನೂ ಆಸ್ಪತ್ರೆಗೆ ಕಳಿಸಿದಳು. ಸಂಜೆ ಫೋನು ಬಂತು. ಗಂಟು ಈಗ ತಾನೇ ಕಟ್ಟುತ್ತಿತ್ತು. ಎರಡು ತಿಂಗಳು ಮೌನವಾಗಿದ್ದರೆ ಸಾಕಂತೆ.

ಫೋನು ಕೆಳಗಿಟ್ಟು ಆಕೆ ಕೇಳಿದಳು, "ಇಳಿಯುವಾಗ ಅಂತ ಹೆಂಗ ಹೇಳ್ದಿ?"

"ಕೇಳಸ್ತು."

"ನಂದು ಯಾವಾಗ ಕೇಳಸ್ತು?"

ನೆಲ ನೋಡುತ್ತ ಹೇಳಿದೆ, "ಆ ವರ್ಷ, ಚವತ್‌ಗಿಂತ ಮೊದಲ."

ಆಕೆ ಪಿಯಾನೋದ ಮುಚ್ಚಳ ಹಾಕಿದಳು. "ಅವತ್ತಿಂದ ನಾತಾಲ್ ತನಕ ದಿನಾ ನೀರು ಕಾಸಿ ಕೊಟ್ಟಿ. ಒಂದು ಮಾತು ಕೊಡಲಿಲ್ಲ."

"ಕಡಿದವರ ಎದುರಿಗಿ ಹೇಳಬಾರದಂತ ನಮ್ಮ ಖಣ್ಯಾಗ..."

"ನಾ ಕಲ್ಲೇನೋ? ಖಣಿ ಮಾತು ಬ್ಯಾಡ. ಖರೇ ಹೇಳು."

"ನೀ ಹಾಡೋದು ಬಿಟ್ರ ನನಗಿಲ್ಲಿ ಏನದ? ಮತ್ತ ಭಂಕೂರಿಗಿ ಹೋಗಬೇಕಾಗ್ತದಂತ ಅಂಜಿದೆ."

ರಿವಾಜು ಅರ್ಧ ಸತ್ಯ. ಇದು ಉಳಿದರ್ಧ. ಕುರ್ಚಿ ಹಾಕಿಕೊಡುವ ಜನರ ಆಸೆಗೆ ತಂಗಿಯ ಕೊರಳು ಒಡೆಯುವುದನ್ನು ದಿನವೂ ಕೇಳುತ್ತ ಕುಳಿತೆ.

ಆಕೆ ಬಾಗಿಲತನಕ ಹೋಗಿ ತಿರುಗಿದಳು. "ಹೋಗು ಅನ್ನಲ್ಲ. ಇರು ಅಂತನೂ ಅನ್ನಲ್ಲ. ಪಾಠದ ಹೊತ್ತಿಗಿ ಬಂದು ಕುಂದ್ರು. ಕೇಳಿದ್ದು ಎಲ್ಲಾರ ಮುಂದ ಹೇಳು."

ಅಂದಿನಿಂದ ಹಾಗೇ ನಡೆದಿದೆ. ಪಾಠದಲ್ಲಿ ಆಕೆ ನನ್ನ ಕಡೆ ನೋಡಿ, "ಹೆಂಗದ?" ಎನ್ನುತ್ತಾಳೆ. ನಾನು ಹೇಳುತ್ತೇನೆ. ಉಳಿದ ಹೊತ್ತು ಒಂದೇ ಮನೆಯಲ್ಲಿ ಎರಡು ತಟ್ಟೆ, ಬೇರೆ ಬೇರೆ ಹೊತ್ತಿಗೆ ಊಟ. ಅಣ್ಣಾ ಎಂದು ಕರೆಯುವುದನ್ನು ಬಿಟ್ಟಿದ್ದಾಳೆ. ಇಲ್ಲಿಗೆ ಬಂದ ಹೊಸತರಲ್ಲಿ ನನಗೆ ಊರಿನ ರೊಟ್ಟಿ, ಊರಿನ ಮಾತು, ತೊಗರಿ ಹೊಲದ ವಾಸನೆ ಬೇಕೆನಿಸುತ್ತಿತ್ತು. ಈಗ ಗೋಡೆಯ ಆಚೆಗಿರುವ ಒಬ್ಬಳಿಗಾಗಿ ಹಾಗೆ ಅನಿಸುತ್ತದೆ.

ಈ ಸಲ ಊರಿಗೆ ಬಂದು ಎಂಟು ದಿನವಾಯಿತು. ಮತ್ತೆ ಬರಬೇಕಾದೀತೆಂದು ಅಂಜಿದ ಮನೆಗೇ ಬಂದಿದ್ದೇನೆ. ಚಿಕ್ಕವ್ವ ಒಬ್ಬಳೇ ದನಕರು ನೋಡಿಕೊಂಡು ಇದ್ದಾಳೆ. ರೊಟ್ಟಿ ರುಚಿಯಾಗಿದೆ, ನಿದ್ದೆ ಬರುತ್ತಿಲ್ಲ. ನಿನ್ನೆ ಮಧ್ಯಾಹ್ನ ಅಂಗಳದಲ್ಲಿ, ಮಡಗಾಂವದಲ್ಲಿ ಶುರು ಮಾಡಿದ ಇದನ್ನು ಬರೆಯುತ್ತ ಕುಳಿತಾಗ ಫೋನು ಬಂತು.

"ಸೋಮವಾರ ಹೊಸ ಹುಡುಗಿ ಬರ್ತಾಳ," ಎಂದಳು ಸುಜಾತಾ. "ಕೇಳಬೇಕು."

"ಬರ್ತೀನಿ ತಂಗಿ."

ಅಣ್ಣಾ ಎಂಬ ಒಂದು ಶಬ್ದಕ್ಕಾಗಿ ಕಾದೆ. ಅದು ಬರಲಿಲ್ಲ; ಆಕೆ ಫೋನೂ ಇಡಲಿಲ್ಲ. ಆ ಕಡೆ ಯಾರೋ ಪಿಯಾನೋದ ಒಂದೇ ಸ್ವರವನ್ನು ಮತ್ತೆ ಮತ್ತೆ ಒತ್ತುತ್ತಿದ್ದರು. ಇಬ್ಬರೂ ಅದನ್ನು ಕೇಳುತ್ತ ಇದ್ದೆವು. ಆಮೇಲೆ ಸದ್ದು ಕಡಿದುಹೋಯಿತು.

"ಯಾರದಪಾ ಫೋನು?" ಎಂದು ಚಿಕ್ಕವ್ವ ಕೇಳಿದಳು.

"ಮನೀಯಿಂದ," ಎಂದೆ.

ಆಕೆ ಜೋಳ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು ನನ್ನನ್ನು ನೋಡಿದಳು. "ಇದ್ಯಾರ ಮನಿ ಮತ್ತ, ಭೀಮ್ಯಾ?"