ಒಂದೇ ಕಡೆ ಕಾಲು ಹಾಕಿ

ಕಳೆದ ವಾರ ಕೊಡಿಗೇಹಳ್ಳಿ ಗೇಟಿನ ಬಳಿ ರಸ್ತೆ ದಾಟಲು ಕಾಯುತ್ತಿದ್ದಾಗ, ಅಂಚಿಗೆ ಬಂದು ನಿಂತ ಸ್ಕೂಟರೊಂದರ ಹಿಂದಿನ ಸೀಟಿನ ಹೆಂಗಸು ನನಗೆ ಎದುರಾದಳು. ಸ್ಕೂಟರಿನ ಮುಖ ಹೆಬ್ಬಾಳದ ಕಡೆಗಿತ್ತು, ಸವಾರನ ಮುಖವೂ ಅತ್ತಲೇ ಇತ್ತು. ಆಕೆ ಮಾತ್ರ ಎರಡೂ ಕಾಲುಗಳನ್ನು ಎಡಕ್ಕೆ ಇಳಿಬಿಟ್ಟು, ಮಡಿಲಲ್ಲಿ ತುಳಸಿ ಗಿಡದ ಕುಂಡ ಇಟ್ಟುಕೊಂಡು, ಫುಟ್‌ಪಾತಿನ ಮೇಲಿದ್ದ ನನ್ನತ್ತ ನೇರವಾಗಿ ನೋಡುತ್ತಿದ್ದಳು. ಎದುರು ಬದುರು ಮನೆಯವರಂತೆ ಇಬ್ಬರೂ ಸುಮ್ಮನೆ ನಕ್ಕೆವು. ಹಸಿರು ದೀಪ ಹತ್ತಿತು, ಆಕೆ ನಗುತ್ತಲೇ ಅಡ್ಡಡ್ಡವಾಗಿ ಸರಿದು ಮಾಯವಾದಳು.

ನೀವೂ ಈ ದೃಶ್ಯವನ್ನು ದಿನವೂ ಕಾಣುತ್ತೀರಿ, ನಿಮಗೆ ಕೋಪ ಬರುವುದಿಲ್ಲ. ನನಗೆ ಬರುತ್ತದೆ. ನನಗೆ ಕೋಪ ಬರಿಸುವ ಸಂಗತಿಗಳು ಈ ಊರಿನಲ್ಲಿ ಹೇರಳವಾಗಿವೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿ ಬಂದ ಮೇಲೆ "ಇದಕ್ಕೆ ಯಾರು ಹೊಣೆ?" ಎಂಬ ಪ್ರಶ್ನೆ ನನ್ನ ನಾಲಿಗೆಗೆ ಅಂಟಿಕೊಂಡುಬಿಟ್ಟಿದೆ. ಒಲೆಯ ಮೇಲೆ ಹಾಲು ಉಕ್ಕಿದರೆ ಅಪ್ಪ ಬಟ್ಟೆ ಹಿಡಿದು ನಿಂತು, "ಯಾರು ಹೊಣೆ ಅಂತ ಕೇಳ್ಬಿಡು ತಾಯಿ, ಆಮೇಲೆ ಒರೆಸ್ತೀನಿ" ಎನ್ನುತ್ತಾನೆ.

ಅಪ್ಪ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿದವನು. ನಾನು ಹುಟ್ಟಿ ಬೆಳೆದದ್ದು ಅಲ್ಲಿಯ ಕ್ವಾರ್ಟರ್ಸಿನಲ್ಲಿ. ನಮ್ಮದೊಂದು ಹಳೆಯ ಸ್ಕೂಟರಿತ್ತು. ಅದನ್ನು ಒಂದು ಪಕ್ಕಕ್ಕೆ ಚೆನ್ನಾಗಿ ಓರೆ ಮಾಡಿ, ಮತ್ತೆ ನೆಟ್ಟಗೆ ನಿಲ್ಲಿಸಿ, ಹತ್ತು ಸಲ ಒದ್ದರೆ ಹನ್ನೊಂದನೆಯದಕ್ಕೆ ಹೊಗೆ ಬಿಡುತ್ತಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಆ ಸ್ಕೂಟರಿನಲ್ಲಿ ಗಂಗಾನಗರದ ದೊಡ್ಡಮ್ಮನ ಮನೆಗೆ ನಮ್ಮ ಯಾತ್ರೆ. ಮುಂದೆ ನಿಂತವಳು ನಾನು, ನಡುವೆ ಅಪ್ಪ, ಹಿಂದೆ ಒಂದೇ ಕಡೆ ಕಾಲು ಹಾಕಿ, ಬಲಗೈಯಿಂದ ಅಪ್ಪನ ಭುಜ ಹಿಡಿದು ಕೂತ ಅಮ್ಮ. ನನ್ನ ಬಾಲ್ಯವೆಲ್ಲ ಕಳೆದರೂ ಈ ಭಂಗಿ ಬದಲಾಗಲಿಲ್ಲ. ನಿವೃತ್ತಿಯ ಬಳಿಕ ನಾವು ಸಹಕಾರನಗರಕ್ಕೆ ಬಂದೆವು, ಹಳೆಯ ಸ್ಕೂಟರು ಹೋಗಿ ನನ್ನದು ಬಂತು. ಶನಿವಾರವೂ ಅಮ್ಮನ ಭಂಗಿಯೂ ಹಾಗೆಯೇ ಉಳಿದವು, ಬಲಗೈ ಮಾತ್ರ ಅಪ್ಪನ ಭುಜದಿಂದ ನನ್ನ ಭುಜಕ್ಕೆ ವರ್ಗವಾಯಿತು.

ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ಶನಿವಾರ ದೊಡ್ಡಮ್ಮನ ಗೇಟಿನ ಮುಂದೆ ಇಳಿದ ಅಮ್ಮ, ಇಳಿದಂತೆಯೇ ನಿಂತುಬಿಟ್ಟಳು. ಸೊಂಟ ಹಿಡಿದುಕೊಂಡಿತ್ತು. ಅವಳು ಎಡಕ್ಕೆ ತಿರುಗಬೇಕಾದಾಗ ಬೀರುವನ್ನು ಸರಿಸುವಂತೆ ಇಡೀ ಮೈಯನ್ನೇ ತಿರುಗಿಸುತ್ತಾಳೆಂಬುದನ್ನು ನಾನು ಅಂದು ಮೊದಲ ಬಾರಿಗೆ ಕಂಡೆ. ನಾನೂ ದೊಡ್ಡಮ್ಮನೂ ಹಿಡಿದು ಒಳಗೆ ಕೂರಿಸಿದಾಗ ಅವಳು ತೀರ್ಪು ಕೊಟ್ಟಳು: "ಇನ್ಮೇಲೆ ನಾನು ಬರಲ್ಲ ಕಣಕ್ಕ. ಫೋನಲ್ಲೇ ಮಾತಾಡ್ಕೊಳ್ಳೋಣ."

ಆದರೆ ಆ ಅಕ್ಕತಂಗಿಯರಿಗೆ ಫೋನಿನಲ್ಲಿ ಮಾತಾಡಲು ಬರುವುದಿಲ್ಲ. ಅವರ ಮಾತಿಗೆ ಮೊರದ ತುಂಬ ಅವರೆಕಾಳು ಬೇಕು, ಅದನ್ನು ಹಿತುಕುವ ನಾಲ್ಕು ಕೈಗಳು ಬೇಕು, ನಡುವೆ ಒಬ್ಬಳು ಇನ್ನೊಬ್ಬಳ ತೊಡೆಗೆ ಬಡಿದು ನಗಬೇಕು. ಫೋನಿನಲ್ಲಿ "ಊಟ ಆಯ್ತಾ?", "ಆಯ್ತು, ನಿಂದು?" ಎಂದ ಮೇಲೆ ಇಬ್ಬರೂ ಉಸಿರು ಬಿಡುತ್ತಾ ಕೂರುತ್ತಿದ್ದರು. ಶನಿವಾರಗಳು ಸತ್ತವು, ಅಮ್ಮ ಸಪ್ಪಗಾದಳು. ಎಕ್ಸ್‌ರೇ ನೋಡಿದ ವೈದ್ಯರು ಮೂಳೆಗಳಲ್ಲಿ ದೋಷವೇನೂ ಇಲ್ಲವೆಂದು ಹೇಳಿ, "ವಯಸ್ಸಾಯ್ತಲ್ಲಮ್ಮ" ಎಂದು ನಕ್ಕರು. ದೋಷವಿಲ್ಲದ ಮೂಳೆ ಯಾಕೆ ತಿರುಗುವುದಿಲ್ಲ ಎಂದು ಕೇಳಿದೆ. ಅವರು ಮುಂದಿನ ರೋಗಿಯನ್ನು ಕರೆದರು.

ಉತ್ತರ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ, ಬೇಕರಿಯೊಂದರ ಮಹಡಿಯಲ್ಲಿತ್ತು. ನಿರ್ಮಲಾ ಎಂಬವರು ಅಲ್ಲಿ ವಾರಕ್ಕೆರಡು ದಿನ ಒಂದು ವಿಚಿತ್ರ ತರಗತಿ ನಡೆಸುತ್ತಿದ್ದರು. ಅದು ಯೋಗವಲ್ಲ, ವ್ಯಾಯಾಮವೂ ಅಲ್ಲ. ಚಾಪೆಯ ಮೇಲೆ ಮಲಗಿ, ಎಡ ಹಿಮ್ಮಡಿ ನೆಲಕ್ಕೆ ಎಲ್ಲಿ ತಾಗುತ್ತದೆ, ಉಸಿರೆಳೆದಾಗ ಯಾವ ಪಕ್ಕೆಲುಬು ಮೊದಲು ಏಳುತ್ತದೆ ಎಂದು ಗಮನಿಸುವುದೇ ಅಲ್ಲಿಯ ಮುಖ್ಯ ಕೆಲಸ. "ನೋವಾಗೋ ತನಕ ಹೋಗ್ಬೇಡಿ, ಅರ್ಧ ದಾರೀಲೇ ವಾಪಸ್ ಬನ್ನಿ" ಎಂಬುದು ಅವರ ಏಕೈಕ ನಿಯಮ. ಮೊದಲ ದಿನ ಕೆಳಗಿನಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ ಬಂದು ನನ್ನ ಗಮನವೆಲ್ಲ ಹಿಮ್ಮಡಿಯಿಂದ ಮೂಗಿಗೆ ಹೋಯಿತು. ಅಮ್ಮನಂತೂ ಗೊರಕೆ ಹೊಡೆದಳು.

ನಾನು ಅಲ್ಲಿಗೆ ಹೋದದ್ದು ಅಮ್ಮನ ವಕೀಲಳಾಗಿ. ಇದರಿಂದ ಫಲವೇನು, ಎಷ್ಟು ವಾರ ಬೇಕು, ಗುಣವಾಗದಿದ್ದರೆ ಜವಾಬ್ದಾರಿ ಯಾರದು ಎಂದು ಚಾಪೆಯ ಮೇಲೆ ಮಲಗಿಯೇ ವಿಚಾರಿಸುತ್ತಿದ್ದೆ. ನಿರ್ಮಲಾ ನನ್ನ ತಲೆಯ ಬಳಿ ಕುಕ್ಕರಗಾಲಲ್ಲಿ ಕೂತು ಕೇಳಿದರು:

"ಹಲ್ಲು ಕಚ್ಕೊಂಡಿದೀರಲ್ಲ, ಯಾರ ಮೇಲೆ?"

"ಪಟ್ಟಿ ದೊಡ್ಡದಿದೆ ಮೇಡಂ."

"ಪಟ್ಟಿ ಇರ್ಲಿ. ಹಲ್ಲು ಬಿಡಿ."

ಬಿಟ್ಟೆ. ಕಿವಿಯ ಬಳಿಗೇರಿದ್ದ ಭುಜಗಳು ತಾವಾಗಿಯೇ ಇಳಿದು ಚಾಪೆಗೆ ತಾಗಿದವು. ಅವು ಅಷ್ಟು ಎತ್ತರದಲ್ಲಿದ್ದುದೇ ನನಗೆ ತಿಳಿದಿರಲಿಲ್ಲ. ಎಲ್ಲರ ಲೆಕ್ಕಪತ್ರ ಕೇಳುವವಳು ತನ್ನ ಭುಜದ ವಿಳಾಸವನ್ನೇ ಅರಿಯದಿರುವುದು ಅಷ್ಟೇನೂ ಗೌರವದ ಸಂಗತಿಯಲ್ಲ.

ಕೆಲವು ತರಗತಿಗಳ ನಂತರ ನಿರ್ಮಲಾ ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಲು ಹೇಳಿದರು. "ನೆಟ್ಟಗೆ ಬೇಡ, ನಿಮಗೆ ಹೆಂಗ್ ಆರಾಮೋ ಹಂಗೆ." ಅಮ್ಮ ಕೂತಳು. ಮಂಡಿಗಳೆರಡೂ ಎಡಕ್ಕೆ ಹೋದವು, ಎದೆ ಬಲಕ್ಕೆ ತಿರುಗಿ ಮುಂದೆ ನೋಡಿತು, ಬಲಗೈ ಮೇಲೆದ್ದು ಮುಂದಿದ್ದ ಖಾಲಿ ಕುರ್ಚಿಯ ಬೆನ್ನನ್ನು ಹಿಡಿಯಿತು.

"ಯಾರ ಭುಜ ಹಿಡ್ಕೊಂಡಿದೀರಿ?" ಎಂದರು ನಿರ್ಮಲಾ.

ಅಮ್ಮ ತನ್ನ ಕೈಯನ್ನು ತಾನೇ ಅಚ್ಚರಿಯಿಂದ ನೋಡಿದಳು. "ಅಯ್ಯೋ, ಇವಳಪ್ಪಂದು!"

ಮಹಡಿಯೇ ನಕ್ಕಿತು. ನಾನು ನಗುತ್ತಲೇ ಒಳಗೆ ಕುದಿದೆ. ಸ್ಕೂಟರು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು, ಅಮ್ಮನ ಸೊಂಟ ಮಾತ್ರ ಅದರ ಮೇಲಿನಿಂದ ಇಳಿದಿರಲಿಲ್ಲ. ನಿರ್ಮಲಾ ಅದನ್ನು ನೆಟ್ಟಗೆ ಮಾಡಲು ಹೋಗಲಿಲ್ಲ. "ಹಾಗೇ ಇರಿ. ಇನ್ನೂ ಒಂಚೂರು ಜಾಸ್ತಿ ತಿರುಗಿ. ಈಗ ನಿಧಾನಕ್ಕೆ ಬಿಡ್ತಾ ಬನ್ನಿ. ಬಿಡೋವಾಗ ಏನೇನಾಗುತ್ತೆ ನೋಡಿ" ಎಂದರು. ಮೈ ತನಗೆ ಗೊತ್ತಿಲ್ಲದೆ ಹಿಡಿದುಕೊಂಡಿರುವುದನ್ನು ಗೊತ್ತಿದ್ದು ಹಿಡಿದರೆ, ಬಿಡುವ ದಾರಿಯೂ ಅದಕ್ಕೇ ಹೊಳೆಯುತ್ತದಂತೆ. ಅಮ್ಮ ಹಿಡಿದಳು, ಬಿಟ್ಟಳು, ಮನೆಯಲ್ಲಿ ಟೀವಿ ನೋಡುತ್ತಲೂ ಹಿಡಿದು ಬಿಟ್ಟಳು.

ಅತ್ತ ನನ್ನ ವಿಚಾರಣೆ ಶುರುವಾಯಿತು. ಹೆಂಗಸರನ್ನು ಅಡ್ಡಡ್ಡ ಕೂರಿಸಿದವರು ಯಾರು? ಅಪ್ಪ ದಿನಪತ್ರಿಕೆಯ ಹಿಂದೆ ಅಡಗಿದ. "ನಾನೆಲ್ಲಮ್ಮ ಹೇಳ್ದೆ? ಸ್ಕೂಟರ್ ಜೊತೆ ಎಡಗಡೆ ಹೆಂಗಸ್ರು ಕಾಲಿಡೋಕೆ ಕಂಬಿ ಕಂಪನಿಯವರೇ ಹಾಕ್ಕೊಟ್ಟಿದ್ರು." ದೊಡ್ಡಮ್ಮನಿಗೆ ಫೋನ್ ಮಾಡಿದೆ. "ಸೀರೆ ಉಟ್ಕೊಂಡು ಗಂಡಸರ ಥರ ಕೂತ್ರೆ ನೋಡ್ದೋರು ಏನಂತಾರೆ?" ಎಂದಳು. ನೋಡಿದವರು ಯಾರೆಂದು ಕೇಳಿದರೆ, "ಹೋಗೇ ಅತ್ಲಾಗೆ" ಎಂದು ಫೋನ್ ಇಟ್ಟಳು. ಕಂಬಿ ಸೀರೆಯತ್ತ ಬೆರಳು ತೋರಿಸುತ್ತಿತ್ತು, ಸೀರೆ ಜನರತ್ತ ತೋರಿಸುತ್ತಿತ್ತು, ಜನರೋ ವಿಳಾಸವಿಲ್ಲದವರು. ಹೆಣ್ಣಿನ ಕಾಲು ಎಲ್ಲಿರಬೇಕೆಂದು ಕಬ್ಬಿಣದಲ್ಲಿ ಎರಕ ಹೊಯ್ಯುವ ಮೊದಲು ಒಬ್ಬ ಹೆಣ್ಣನ್ನಾದರೂ ಕೇಳಿದ್ದರೇ ಎಂದು ನಾನು ಅಡುಗೆಮನೆಯಲ್ಲಿ ನಿಂತು ಭಾಷಣ ಬಿಗಿದೆ.

ಅಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ನಂಗೆ ಅದು ಇಷ್ಟಾನೇ ಇತ್ತು ಕಣೆ. ಅಂಗಡಿ, ರಂಗೋಲಿ, ಯಾರ ಮನೆಗೆ ಪೇಂಟ್ ಹೊಡೀತಿದಾರೆ, ಎಲ್ಲಾ ಕಾಣ್ತಿತ್ತು. ನಿಮ್ಮಪ್ಪಂಗೆ ಏನ್ ಕಾಣ್ತಿತ್ತು? ಮುಂದಿನ ಬಸ್ಸಿನ ಹೊಗೆ."

ನನ್ನ ಭಾಷಣದ ಗಾಳಿ ಇಳಿಯಿತು. ಅವಳು ಇನ್ನೊಂದು ಎಸಳು ಸುಲಿದು, ತಲೆಯೆತ್ತದೆ ಸೇರಿಸಿದಳು: "ಆದ್ರೂ ಹೆಂಗ್ ಕೂತ್ಕೋತೀಯಾ ಅಂತ ಒಂದ್ಸಲ ಕೇಳ್ಬಹುದಿತ್ತು. ನೀನೂ ಕೇಳ್ಲಿಲ್ಲ."

ಹೌದು, ನಾನೂ ಕೇಳಿರಲಿಲ್ಲ. ಆಗ ಕೇಳಿದೆ. ಅವಳು ಯೋಚಿಸಲು ಸಮಯ ಬೇಕೆಂದಳು.

ಸಮಯ ತೆಗೆದುಕೊಂಡು ಒಂದು ಶನಿವಾರ ಚೂಡಿದಾರ ತೊಟ್ಟು ಹೊರಬಂದಳು. ಅಪ್ಪ ಕನ್ನಡಕ ಸರಿಪಡಿಸಿಕೊಂಡು, "ಯಾರ್ ಬೇಕಿತ್ತು ಮೇಡಂ?" ಎಂದ. "ನೀವಂತೂ ಬೇಡ" ಎಂದು ಹೆಲ್ಮೆಟ್ ಹಾಕಿಕೊಂಡಳು. ನಾನು ಸ್ಕೂಟರನ್ನು ಬಿಗಿಯಾಗಿ ಹಿಡಿದೆ. ಅವಳು ಅವಸರಪಡದೆ ನಿಂತು, ಒಂದು ಉಸಿರು ಬಿಟ್ಟು, ಎಡಗಾಲಿನ ಮೇಲೆ ಭಾರ ಹಾಕಿ, ಬಲಗಾಲನ್ನು ಆಚೆಗೆ ದಾಟಿಸಿದಳು. ದಾರಿಯುದ್ದಕ್ಕೂ ನಾನು ಎಲ್ಲಿ ಅವಳ ಸೊಂಟ ಹಿಡಿದುಕೊಳ್ಳುವುದೋ ಎಂದು ಹೆದರುತ್ತಾ ಬಂದೆ. ಹೆಬ್ಬಾಳದ ಮೇಲ್ಸೇತುವೆ ಏರಿದಾಗ ಅವಳ ಗಲ್ಲ ನನ್ನ ಭುಜದ ಮೇಲೆ ಬಂತು. "ಏ, ಕೆರೆ ಹಿಂಗ್ ಎದುರಿಗೆ ಬರತ್ತಾ? ಯಾವಾಗ್ಲೂ ಪಕ್ಕದಲ್ಲಿ ಓಡೋಗ್ತಿತ್ತು!" ಗಂಗಾನಗರ ಬಂತು. ದೊಡ್ಡಮ್ಮ ಗೇಟಿನಲ್ಲೇ ನಿಂತಿದ್ದಳು. ಅಮ್ಮ ನನ್ನ ಬೆನ್ನು ತಟ್ಟಿದಳು.

"ನಿಲ್ಲಿಸ್ಬೇಡ. ಇನ್ನೊಂದು ಸುತ್ತು ಹೋಗೋಣ."

"ಎಲ್ಲಿಗ್ರೇ ಹೋಗ್ತಿದೀರಾ?" ಎಂದು ದೊಡ್ಡಮ್ಮ ಕೂಗಿದಳು. ಅಮ್ಮ ಎಡಕ್ಕೆ ಕತ್ತು ತಿರುಗಿಸಿ, ಬರೀ ಕತ್ತನ್ನು ತಿರುಗಿಸಿ, ಅಕ್ಕನಿಗೆ ಕೈಬೀಸಿದಳು. ಅದನ್ನು ನಾನು ಕನ್ನಡಿಯಲ್ಲಿ ನೋಡಿದೆ.

ನನ್ನ ಪ್ರಶ್ನೆಯನ್ನು ನಾನು ಹಿಂತೆಗೆದುಕೊಂಡಿಲ್ಲ. ಕೇಳದೆಯೇ ನಮ್ಮ ಮೈಗಳನ್ನು ಮಡಚಿ ಇಟ್ಟವರು ಉತ್ತರ ಕೊಡಲೇಬೇಕು. ಆದರೆ ಈಗ ಅದನ್ನು ಕಚ್ಚಿದ ಹಲ್ಲು ಬಿಟ್ಟು ಕೇಳುತ್ತೇನೆ, ದನಿ ಹೆಚ್ಚು ದೂರ ಹೋಗುತ್ತದೆ. ಬೇರೆಯವರನ್ನು ಕೇಳುವ ಮುನ್ನ ಪಕ್ಕದಲ್ಲಿದ್ದವರನ್ನು ಕೇಳುವುದನ್ನೂ ಕಲಿತಿದ್ದೇನೆ.

ಮೊನ್ನೆಯ ಶನಿವಾರ ಹೊರಡುವ ಹೊತ್ತಿಗೆ ದೊಡ್ಡಮ್ಮ ನಮ್ಮ ಹಿಂದೆಯೇ ಗೇಟಿನ ತನಕ ಬಂದಳು. ಬೀದಿಯ ಎರಡೂ ತುದಿ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ ತಂಗಿಯನ್ನು ಕೇಳಿದಳು: "ಆ ಕಾಲು ಹೆಂಗೇ ಎತ್ತಿ ಹಾಕ್ತೀಯಾ?"

"ಎತ್ಬೇಡ ಅಕ್ಕ," ಎಂದಳು ಅಮ್ಮ. "ಮೊದ್ಲು ಸುಮ್ನೆ ನಿಂತ್ಕೊಂಡು, ಭಾರ ಯಾವ ಕಾಲಲ್ಲಿದೆ ನೋಡ್ಕೋ."

ದೊಡ್ಡಮ್ಮ ಗೇಟು ಹಿಡಿದು, ಕಣ್ಣು ಮುಚ್ಚಿ ನೋಡಿಕೊಳ್ಳತೊಡಗಿದಳು. ನಾನು ಸ್ಕೂಟರಿನ ಸ್ಟ್ಯಾಂಡ್ ಹಾಕಿ, ಕೀಲಿ ತೆಗೆದು, ಗೇಟಿನ ಕಟ್ಟೆಯ ಮೇಲೆ ಆರಾಮವಾಗಿ ಕೂತೆ.