ಅತ್ತೆ ಬಡಿಸಿದ ಬ್ಲ್ಯಾಕ್‌ಜಾಕ್

ಕಳೆದ ಶನಿವಾರ ಮಧ್ಯಾಹ್ನ ನಾನು ಜೂಜಾಡಿದೆ. ಅದೂ ಅತ್ತೆಯ ಎದುರು ಕೂತು.

ಗಾಬರಿಯಾಗಬೇಡಿ, ದುಡ್ಡಿಗಲ್ಲ. ಪಣಕ್ಕಿದ್ದದ್ದು ಹುಣಸೆ ಬೀಜ, ಕೊನೆಗೆ ನನ್ನ ಭಾನುವಾರ. (ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳಿಗೆ ಹುಣಸೆ ಬೀಜದ ಜೂಜೂ ಪಾಪವೇ. ಕ್ಷಮಿಸಲಿ.)

ವಿಷಯ ಇಷ್ಟು. ಭಾನುವಾರ ಕೋಲಾರದಲ್ಲಿ ನನ್ನ ಶಾಲೆಯ ಗೆಳತಿಯರೆಲ್ಲ ಸೇರುವವರಿದ್ದರು. ಮದುವೆಯಾದ ಮೇಲೆ ಎಷ್ಟೋ ಜನರ ಮುಖವನ್ನೇ ನಾನು ನೋಡಿಲ್ಲ. ಅದೇ ಭಾನುವಾರ ಶ್ರೀನಿವಾಸಪುರದ ನಮ್ಮ ಮನೆಗೆ ಹುತ್ತೂರಿನಿಂದ ಅತ್ತೆಯ ತವರಿನವರು ಮಾವಿನಹಣ್ಣಿನ ಊಟಕ್ಕೆ ಬರುವವರಿದ್ದರು. ಅಡುಗೆ ಯಾರದು? ಕೇಳಬೇಕೇ?

ಮುಳಬಾಗಿಲಿನಿಂದ ರಜೆಗೆ ಬಂದಿದ್ದ ನಾದಿನಿ ಸುಜಾತ ನನ್ನ ಸಪ್ಪೆ ಮುಖ ನೋಡಿದಳು. ಫೋನಿನಲ್ಲಿ ಆಡಿ ಆಡಿ ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಾಟ ಕಲಿತವಳು ಅವಳು. "ಅತ್ತಿಗೆ, ಈ ಆಟ ಕಲಿಸ್ತೀನಿ. ಅಮ್ಮ ಹಂಚಲಿ. ಕೊನೇ ಆಟದಲ್ಲಿ ನೀವು ಗೆದ್ರೆ ನಾಳೆ ಅಡುಗೆ ಅಮ್ಮಂದು, ಅಣ್ಣಂದು. ಸೋತ್ರೆ ನಿಮ್ದು. ಏನಮ್ಮಾ?"

ಅತ್ತೆ ರಮ್ಮಿಯಲ್ಲಿ ಪಳಗಿದವರು. "ಸರಿಲೇ, ಇವಳು ನನ್ ಮುಂದೆ ಗೆಲ್ತಾಳಾ?" ಎಂದು ಸೆರಗು ಸಿಕ್ಕಿಸಿದರು.

ಪೇಪರ್ ಓದುತ್ತಿದ್ದ ನಮ್ಮನೆಯವರು "ನನ್ನನ್ಯಾಕೆ ಎಳೀತೀರಾ?" ಎಂದರು. ಸುಜಾತ ಆಗಲೇ ಎಲೆ ಕಲೆಸುತ್ತಿದ್ದಳು.

ಆಟ ಸುಲಭ. ಎಲೆಗಳ ಲೆಕ್ಕ ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಿದರೆ ಔಟ್. ರಾಜ, ರಾಣಿ, ಗುಲಾಮ ಮೂವರಿಗೂ ಹತ್ತೇ. ಎಕ್ಕ ಒಂದೂ ಆಗಬಹುದು, ಹನ್ನೊಂದೂ ಆಗಬಹುದು. (ಮನೆಯ ಸೊಸೆಯ ಹಾಗೆ, ಸಮಯಕ್ಕೆ ತಕ್ಕಂತೆ.) ಹಂಚುವವರು ತಮ್ಮ ಒಂದು ಎಲೆಯನ್ನು ತೆರೆದು, ಒಂದನ್ನು ಮುಚ್ಚಿಡುತ್ತಾರೆ. ಲೆಕ್ಕ ಹದಿನೇಳು ಮುಟ್ಟುವ ತನಕ ಅವರು ಎಲೆ ತೆಗೆದುಕೊಳ್ಳುತ್ತಲೇ ಇರಬೇಕು. ನಮ್ಮನ್ನು ಮಾತ್ರ ಕೇಳುತ್ತಾರೆ: ಇನ್ನೊಂದು ಬೇಕಾ, ಸಾಕಾ?

ಎಡವಟ್ಟಾದದ್ದು ಇಲ್ಲೇ. ಅತ್ತೆ ಜೀವಮಾನವಿಡೀ ಬಡಿಸಿದವರು. ನಮ್ಮ ಕಡೆ ಪಂಕ್ತಿಯಲ್ಲಿ ಮೊದಲ "ಸಾಕು" ಯಾರ ಕಿವಿಗೂ ಬೀಳುವುದಿಲ್ಲ. ಅದು ಬರೀ ಸಂಕೋಚ ಎಂದೇ ಅರ್ಥ. ನನ್ನದು ಹದಿನೆಂಟಾಗಿತ್ತು. "ಸಾಕು ಅತ್ತೆ" ಎಂದೆ.

"ಏನ್ ಸಾಕು, ಇಂಕೊಕಟಿ ವೇಸುಕೋ" ಎಂದು ತೆಲುಗಿನಲ್ಲಿ ಉಪಚಾರ ಮಾಡಿ, ಹೋಳಿಗೆ ಹಾಕುವ ಹಾಗೆ ಇನ್ನೊಂದು ಹಾಕೇಬಿಟ್ಟರು. ರಾಣಿ. ಔಟ್.

"ಅಮ್ಮಾ, ಅವ್ರು ಬೇಡ ಅಂದ್ಮೇಲೆ ಹಾಕ್ಬಾರ್ದು."

"ಬಾಯಲ್ಲಿ ಬೇಡ ಅಂತಾಳೆ ಕಣೇ, ನಂಗೊತ್ತಿಲ್ವಾ?"

ನಗಬೇಡಿ, ನನ್ನ ಕಥೆ ಇನ್ನೂ ಕೆಟ್ಟದು. ಹಾಕಿದ್ದನ್ನು ವಾಪಸು ತೆಗೆಯಿರಿ ಎನ್ನಲು ನನಗೂ ಬಾಯಿ ಬರಲಿಲ್ಲ. ಯಾವಾಗ ಬಂದಿದೆ? ಪಕ್ಕದ ಮನೆಯ ಪಾರ್ಸೆಲ್, ಮಹಿಳಾ ಸಂಘದ ಕಾರ್ಯದರ್ಶಿ ಪಟ್ಟ, ಯಾರದೋ ಮಗುವಿನ ಟ್ಯೂಷನ್. ಮೊದಲ ಸಲ ಬೇಡ ಎಂದಿರುತ್ತೇನೆ. ಎರಡನೇ ಸಲ ಹಲ್ಲು ಕಿರಿದು ಹಾಕಿಸಿಕೊಂಡಿರುತ್ತೇನೆ. ನೀವೂ ಹೀಗೇ ಅಲ್ಲವೇ?

ಆದರೂ ಎಂಥ ಮಜಾ ಅಂತೀರಿ. ಒಮ್ಮೆ ಎಕ್ಕದ ಪಕ್ಕ ಗುಲಾಮ ಬಂದು ಕೂತ. ನೇರ ಇಪ್ಪತ್ತೊಂದು. ನಾನು ಚಪ್ಪಾಳೆ ತಟ್ಟಿದ ರಭಸಕ್ಕೆ ಕೈಯಲ್ಲಿದ್ದ ಹುಣಸೆ ಬೀಜಗಳೆಲ್ಲ ಸೋಫಾದ ಕೆಳಗೆ ಉರುಳಿದವು.

ಕೊನೆಯ ಆಟ. ನನಗೆ ಬಂದದ್ದು ಆಟೀನು ರಾಜ (ನಾಲ್ವರು ರಾಜರಲ್ಲಿ ಇವನೊಬ್ಬನಿಗೇ ಮೀಸೆಯಿಲ್ಲ, ಗಮನಿಸಿದ್ದೀರಾ?) ಮತ್ತು ಮೂರು. ಬರೀ ಹದಿಮೂರು. ಅತ್ತೆಯ ತೆರೆದ ಎಲೆ ಆರು.

"ಹಂಚೋರ ಎಲೆ ಚಿಕ್ಕದಿದ್ರೆ ತೆಪ್ಪಗಿರಿ ಅತ್ತಿಗೆ, ಅವ್ರೇ ದಾಟ್ತಾರೆ" ಎಂದು ಸುಜಾತ ಆಗಲೇ ಹೇಳಿಕೊಟ್ಟಿದ್ದಳು. ಆದರೆ ಪೇಪರ್ ಮಡಚಿಟ್ಟು ನಮ್ಮನೆಯವರೂ ಹತ್ತಿರ ಬಂದಿದ್ದರು. "ಹದಿಮೂರಕ್ಕೆ ಯಾರಾದ್ರೂ ಸುಮ್ನಿರ್ತಾರೇನೇ? ಹಾಕಿಸ್ಕೋ." (ಈರುಳ್ಳಿ ಹೆಚ್ಚುವ ಭಯ ಆ ಸಲಹೆಯ ತುಂಬ ಇತ್ತು.)

ಅತ್ತೆಯ ಕೈ ಆಗಲೇ ಎಲೆ ಹಿಡಿದು ನನ್ನ ಕಡೆ ಬರುತ್ತಿತ್ತು. ಸಾರಿನ ಬಕೆಟ್ ಬಂದಾಗ ಊಟದೆಲೆಗೆ ಅಡ್ಡ ಹಿಡಿಯುತ್ತೇವಲ್ಲ, ಹಾಗೆ ಎರಡೂ ಕೈ ಅಡ್ಡ ಹಿಡಿದೆ. "ಸಾಕು ಅತ್ತೆ. ನಿಜವಾಗ್ಲೂ ಸಾಕು."

ಅತ್ತೆಯ ಕೈ ನಿಂತಿತು. ಕೈ ಅಡ್ಡ ಬಂದ ಮೇಲೆ ಬಡಿಸುವಂತಿಲ್ಲ. ಅದೂ ನಮ್ಮ ಕಡೆಯ ಪದ್ಧತಿಯೇ.

ಅವರು ತಮ್ಮ ಮುಚ್ಚಿದ ಎಲೆ ತಿರುಗಿಸಿದರು. ಹತ್ತು. ಒಟ್ಟು ಹದಿನಾರು. "ನಂಗೂ ಸಾಕು" ಎಂದರು.

"ಹಂಗಾಗಲ್ಲಮ್ಮ. ಹದಿನೇಳಾಗಿಲ್ಲ, ನೀನು ತಗೊಳ್ಳೇಬೇಕು."

ನನಗೆಂದು ಹಿಡಿದಿದ್ದ ಎಲೆಯನ್ನೇ ಅತ್ತೆ ತಮಗೆ ಹಾಕಿಕೊಂಡರು. ಒಂಬತ್ತು. ಇಪ್ಪತ್ತೈದಾಗಿ ಅತ್ತೆ ಔಟ್. ನಾನು ಹಾಕಿಸಿಕೊಂಡಿದ್ದರೆ ಇಪ್ಪತ್ತೆರಡಾಗಿ ನಾನು ಔಟ್. ಎದ್ದು ಕುಣಿದೆ. ಈ ವಯಸ್ಸಿನಲ್ಲಿ, ನೈಟಿಯಲ್ಲಿ.

ಭಾನುವಾರ ಬೆಳಗ್ಗೆ ಕೋಲಾರದ ಬಸ್ಸಿನಲ್ಲಿ ಕಿಟಕಿ ಪಕ್ಕವೇ ಸೀಟು ಸಿಕ್ಕಿತು. ಗೆಳತಿಯರ ನಡುವೆ ನಕ್ಕು ನಕ್ಕು ಸಂಜೆ ಮನೆಗೆ ಬಂದರೆ, ನಮ್ಮನೆಯವರ ಬಿಳಿ ಶರ್ಟಿನ ಮೇಲೆ ಅರಿಶಿನದ ಕಲೆ. ಅತ್ತೆ ಕಾಲು ಚಾಚಿ ಕೂತಿದ್ದರು. ಅವರ ಪಕ್ಕದಲ್ಲಿ ಎಲೆಗಳ ಕಟ್ಟು ಸಿದ್ಧವಾಗಿತ್ತು.

"ಬಾ, ಇನ್ನೊಂದಾಟ ಆಡೋಣ. ಆದ್ರೆ ಈ ಸಲ ನಾನು ಹಂಚಲ್ಲ ಕಣೇ."

"ಯಾಕತ್ತೆ?"

"ಹಾಕಿಸ್ಕೊಳ್ಳೋರು ಸಾಕು ಅನ್ಬೋದು. ಬಡಿಸೋರು ಯಾವ ಆಟದಲ್ಲಿ ಅನ್ಬೋದು, ನೀನೇ ಹೇಳು?"