ಚೆನ್ನರಾಯಪ್ಪ ಕಟೌಟ್ ಬಿಚ್ಚಿದ ದಿನ

ಚಿಂತಾಮಣಿಯ ಬಸ್ ನಿಲ್ದಾಣದ ಹಿಂದೆ ಚೆನ್ನರಾಯಪ್ಪನದೊಂದು ತಗಡಿನ ಶೆಡ್ಡು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿಗೆ ಕೂಲಿಯಾಗಿ ಸೇರಿದ್ದವನು ಲಾರಿಗಳ ವೈರಿಂಗ್ ಕಲಿತು ವಾಪಸಾಗಿದ್ದ. ತನ್ನೂರು ಕೆಂಚಾರ್ಲಹಳ್ಳಿಯಲ್ಲಿ ಇನ್ನೊಬ್ಬರ ಹೊಲ ಉಳುವುದಿಲ್ಲವೆಂದು ಅವನು ಹಟ ಹಿಡಿದಾಗ, ಹೆಂಡತಿ ಅನಸೂಯಮ್ಮ ಮರುಮಾತಾಡದೆ ಪಾತ್ರೆಪಡಗ ಗಂಟು ಕಟ್ಟಿದಳು. ಪೇಟೆಯಲ್ಲಿ ಅವನಿಗೆ ಸಿಕ್ಕಿದ್ದು ಬ್ಯಾಟರಿ ಚಾರ್ಜು ಮಾಡುವ ಕೆಲಸ ಮಾತ್ರ. ಹೊಲಗೇರಿಯವನು ಕಾರಿನ ಬಾನೆಟ್ಟಿಗೆ ಕೈ ಹಾಕುವುದು ಅನೇಕರಿಗೆ ಇಷ್ಟವಿರಲಿಲ್ಲ.

1957ರ ಬೇಸಿಗೆಯಲ್ಲಿ, ಹೆರಿಗೆ ಡಾಕ್ಟರು ಶ್ಯಾಮಲಮ್ಮನವರ ಕಾರಿನ ಬ್ಯಾಟರಿ ಒಂದೇ ತಿಂಗಳಲ್ಲಿ ಮೂರನೆಯ ಸಲ ಅವನ ಶೆಡ್ಡಿಗೆ ಬಂತು. ಯುದ್ಧಕ್ಕೂ ಮುಂಚಿನ ಕಾರು ಅದು. ಹಳ್ಳಿಗೆ ಹೋಗಿ ಹೆರಿಗೆ ಮಾಡಿಸಿ ಡಾಕ್ಟರು ಹೊರಬರುವಷ್ಟರಲ್ಲಿ ಬ್ಯಾಟರಿ ಬರಿದಾಗಿರುತ್ತಿತ್ತು. ಎಂಜಿನ್ ಶುರುಮಾಡಲು ಹ್ಯಾಂಡಲ್ ತಿರುಗಿಸಿ ತಿರುಗಿಸಿ ಡ್ರೈವರ್ ಆವುಲಪ್ಪನ ತೋಳು ಉಳುಕಿತ್ತು.

"ಬ್ಯಾಟ್ರಿ ಸತ್ತೋಗಿದೆ, ಹೊಸದು ಹಾಕ್ಸಿ ಅಂತ ಅಮ್ಮನೋರಿಗೆ ಹೇಳ್ತೀನಿ" ಎಂದ ಆವುಲಪ್ಪ.

"ಸತ್ತಿಲ್ಲ ಕಣಣ್ಣ. ನಾಕು ದಿನ ಇಲ್ಲೇ ಇತ್ತು, ಚಾರ್ಜು ಇಳೀಲಿಲ್ಲ. ಕಾರೇ ಅದನ್ನ ಕುಡೀತಾ ಇದೆ."

"ನೀನು ಚಾರ್ಜು ಹಾಕು, ಸಾಕು. ಕಾರಿನ ಉಸಾಬರಿ ನಿನಗ್ಯಾಕೆ?"

ಚೆನ್ನರಾಯಪ್ಪ ನೇರವಾಗಿ ಡಾಕ್ಟರ ಮನೆಗೇ ಹೋಗಿ ಅಂಗಳದಲ್ಲಿ ನಿಂತ. ಶ್ಯಾಮಲಮ್ಮ ರೋಸಿಹೋಗಿದ್ದರು. "ಮೊನ್ನೆ ತುಂಬು ಬಸುರೀನ ಎತ್ತಿನ ಗಾಡೀಲಿ ತರಬೇಕಾಯ್ತಪ್ಪ. ನಾಳೆ ಒಂದಿನ ಕಾರು ಬಿಟ್ಕೊಡ್ತೀನಿ. ಏನಂತ ಕಂಡುಹಿಡಿ" ಎಂದರು.

ಬೆಳಗ್ಗೆ ಶೆಡ್ಡಿನ ಮುಂದೆ ಪರೀಕ್ಷೆ ಮಾಡಿದಾಗ ತಪ್ಪೇನೂ ಸಿಗಲಿಲ್ಲ. ಎಂಜಿನ್ ಓಡುವಾಗ, ಕರೆಂಟು ಅಳೆಯುವ ಆಮೀಟರಿನ ಮುಳ್ಳು ಚಾರ್ಜಿನ ಕಡೆಗೆ ವಾಲುತ್ತಿತ್ತು; ನಿಲ್ಲಿಸಿದರೆ ಸೊನ್ನೆಗೆ ಬರುತ್ತಿತ್ತು. ಹಾಗಾದರೆ ಕಾಯಿಲೆ ಕಾಣಿಸುವುದು ಬಿಸಿಯಾದ ಮೇಲೆಯೇ ಇರಬೇಕು ಎಂದುಕೊಂಡ. "ದೂರ ಹೋಗಣ ನಡಿಯಣ್ಣ" ಎಂದು ಮುಂದಿನ ಬಾಗಿಲು ತೆಗೆದ.

"ಏಮಪ್ಪಾ, ಹಿಂದೆ ಕೂತ್ಕೊ" ಎಂದ ಆವುಲಪ್ಪ.

"ಮುಳ್ಳು ಮುಂದೆ ಇದೆ. ನಾನು ನೋಡಬೇಕಾಗಿರೋದು ಅದನ್ನೇ." ಅಷ್ಟು ಹೇಳಿ ಚೆನ್ನರಾಯಪ್ಪ ಮುಂದಿನ ಸೀಟಿನಲ್ಲಿ ಕೂತ. ಮೈ ತಾಕದಂತೆ ಬಾಗಿಲಿಗೆ ಒತ್ತಿಕೊಂಡ, ಆದರೆ ಇಳಿಯಲಿಲ್ಲ. ಆವುಲಪ್ಪ ಮುಖ ಗಂಟಿಕ್ಕಿ ಗಾಡಿ ಬಿಟ್ಟ.

ಶಿಡ್ಲಘಟ್ಟದಲ್ಲಿ ಎಂಜಿನ್ ನಿಲ್ಲಿಸಿದರು. ಮುಳ್ಳು ಸೊನ್ನೆಗೆ ಬಂತು. ಚಿಕ್ಕಬಳ್ಳಾಪುರದಲ್ಲೂ ಅಷ್ಟೇ. "ನೋಡಿದ್ಯಾ? ವಾಪಸ್ ಹೋಗಣ" ಎಂದು ಆವುಲಪ್ಪ ನಕ್ಕ. ಚೆನ್ನರಾಯಪ್ಪನಿಗೆ ಒಳಗೊಳಗೇ ಅಳುಕಾಯಿತು. ಬರಿಗೈಯಲ್ಲಿ ಮರಳಿದರೆ ಬ್ಯಾಟರಿ ಬಿಟ್ಟು ಬೇರೆ ಕೆಲಸ ಯಾರೂ ಕೊಡಲಾರರು. ಆದರೂ, "ಗೌರಿಬಿದನೂರಿಗೆ ನಡಿ" ಎಂದ.

ಸುಡುಬಿಸಿಲು. ದಾರಿಯುದ್ದಕ್ಕೂ ದಿಣ್ಣೆ ಹತ್ತಿ ಇಳಿದು ಎಂಜಿನ್ ಕೆಂಡವಾಗಿತ್ತು. ಗೌರಿಬಿದನೂರಿನ ಹೊರಗೆ ಒಂದು ಹುಣಸೆಮರದಡಿ ಎಂಜಿನ್ ನಿಲ್ಲಿಸಿದಾಗ ಮುಳ್ಳು ಸೊನ್ನೆಯನ್ನು ದಾಟಿ ಎಡಕ್ಕೆ ಬಿದ್ದು ಅಲ್ಲೇ ಕಚ್ಚಿಕೊಂಡಿತು. ಎಂಜಿನ್ ನಿಂತಿದ್ದರೂ ಬ್ಯಾಟರಿಯಿಂದ ಕರೆಂಟು ಹರಿದುಹೋಗುತ್ತಿತ್ತು.

ಚೆನ್ನರಾಯಪ್ಪ ನೆಗೆದಿಳಿದು ಬಾನೆಟ್ ಎತ್ತಿದ. ಡೈನಮೋಗೂ ಬ್ಯಾಟರಿಗೂ ನಡುವೆ ಕಟೌಟ್ ಎಂಬ ಪುಟ್ಟ ರಿಲೇ ಡಬ್ಬಿಯಿತ್ತು. ಎಂಜಿನ್ ಓಡುವಾಗ ಇವೆರಡನ್ನೂ ಕೂಡಿಸುವುದು, ನಿಂತಾಗ ಬಿಡಿಸುವುದು ಅದರ ಕೆಲಸ. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಅದನ್ನು ಮೆಲ್ಲಗೆ ತಟ್ಟಿ, "ಮುಳ್ಳು ಎಲ್ಲಿದೆಯಣ್ಣ?" ಎಂದು ಕೂಗಿದ.

"ಸೊನ್ನೆಗೆ ಬಂತು!" ಎಂದು ಒಳಗಿನಿಂದ ಆವುಲಪ್ಪ ಉತ್ತರಿಸಿದ. ಅವನ ದನಿಯಲ್ಲಿ ಈಗ ನಗೆಯಿರಲಿಲ್ಲ.

ಚೆನ್ನರಾಯಪ್ಪ ಬ್ಯಾಟರಿಯ ವೈರು ಕಳಚಿ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಒಂದನ್ನೊಂದು ಮುಟ್ಟುವ ಎರಡು ಪಾಯಿಂಟುಗಳು ಸುಟ್ಟು ಉಬ್ಬಿದ್ದವು, ಬಿಸಿಯಾದಾಗ ಅಂಟಿಕೊಳ್ಳುತ್ತಿದ್ದವು. ಬಿಡಿಸಬೇಕಾದ ಸ್ಪ್ರಿಂಗೂ ಸಡಿಲವಾಗಿತ್ತು. ತೆಳುವಾದ ಅರದಿಂದ ಪಾಯಿಂಟುಗಳನ್ನು ಉಜ್ಜಿ ನಯಮಾಡಿ, ಸ್ಪ್ರಿಂಗನ್ನು ಕೂದಲೆಳೆಯಷ್ಟು ಬಿಗಿಗೊಳಿಸಿದ.

"ಆಯ್ತಲ್ಲ, ಇನ್ನು ಹೊರಡಣ."

"ಆಗಿಲ್ಲಣ್ಣ. ತೊಂಡೇಬಾವಿಗೆ ನಡಿ."

ತೊಂಡೇಬಾವಿಯ ರೈಲ್ವೆ ಸ್ಟೇಷನ್ನಿನವರೆಗೂ ಹೋಗಿ ಹಿಂತಿರುಗುವಾಗ ಎಂಟು ಕಡೆ ಎಂಜಿನ್ ನಿಲ್ಲಿಸಿ ನೋಡಿದ. ಒಂದು ಸಲವೂ ಮುಳ್ಳು ಎಡಕ್ಕೆ ವಾಲಲಿಲ್ಲ. ಕೊನೆಯ ಎರಡು ಸಲ, ಅವನು ಹೇಳುವ ಮುಂಚೆಯೇ ಆವುಲಪ್ಪ ಗಾಡಿ ನಿಲ್ಲಿಸಿ ಬಗ್ಗಿ ನೋಡಿದ.

ಹದಿನೈದು ದಿನದ ಮೇಲೆ ಕೆಂಚಾರ್ಲಹಳ್ಳಿಯಿಂದ ಕರೆ ಬಂತು. ಗಂಗುಲಮ್ಮ ಎಂಬ ಹೆಂಗಸಿಗೆ ಹಿಂದಿನ ದಿನದಿಂದ ನೋವು. ಶ್ಯಾಮಲಮ್ಮ ಮೂರು ಗಂಟೆ ಪ್ರಯತ್ನಿಸಿ, ಕೊನೆಗೆ ಆಸ್ಪತ್ರೆಗೇ ಒಯ್ಯಬೇಕೆಂದರು. ಅಷ್ಟು ಹೊತ್ತು ಬಿಸಿಲಲ್ಲಿ ನಿಂತಿದ್ದ ಕಾರು ಸೆಲ್ಫ್ ಸ್ಟಾರ್ಟರನ್ನು ಒಮ್ಮೆ ಒತ್ತುತ್ತಲೇ ಶುರುವಾಯಿತು. ತಾಯಿಯೂ ಉಳಿದಳು, ಹೆಣ್ಣುಮಗುವೂ ಉಳಿಯಿತು.

ಮರುದಿನ ಈ ಸುದ್ದಿ ಹೇಳಲು ಆವುಲಪ್ಪ ತಾನಾಗಿಯೇ ಶೆಡ್ಡಿಗೆ ಬಂದು ಬೆಂಚಿನ ಮೇಲೆ ಕೂತ. ಅನಸೂಯಮ್ಮ ತಂದಿಟ್ಟ ಕಾಫಿಯನ್ನು ಒಂದು ಗಳಿಗೆ ನೋಡಿದ. ಆಮೇಲೆ ಲೋಟ ಎತ್ತಿಕೊಂಡು ಕುಡಿದ. "ಆ ಡಬ್ಬಿ ಹೆಂಗೆ ಕೆಲಸ ಮಾಡುತ್ತೆ ಅಂತ ನನಗೂ ಒಸಿ ತೋರ್ಸಪ್ಪ" ಎಂದ.

ಚೆನ್ನರಾಯಪ್ಪ ಹಲಗೆಯ ಮೇಲಿದ್ದ ಹಳೆಯ ಕಟೌಟೊಂದನ್ನು ಇಳಿಸಿ ಇಬ್ಬರ ನಡುವೆ ಇಟ್ಟು ಮುಚ್ಚಳ ಬಿಚ್ಚಿದ.